ಆರು ಎಲೆ ನೋಡಬೇಕು

ಚಿಕ್ಕಪ್ಪ ಕಳಿಸಿದ್ದ ಆ ಫೋಟೊ ಇನ್ನೂ ನನ್ನ ಮೊಬೈಲಲ್ಲಿದೆ. ಒಂದೇ ಒಂದು ಮೆಕ್ಕೆಜೋಳದ ಎಲೆ. ಅಲ್ಲಲ್ಲಿ ಉದ್ದುದ್ದಕ್ಕೆ ಬಿಳಿ ಕಲೆ, ಪೊರೆಯ ಹಾಗೆ ತೆಳ್ಳಗಾದ ಜಾಗ. ಎಲೆ ಹಿಡಿದ ಹೆಬ್ಬೆರಳಿನ ಉಗುರಲ್ಲಿ ಕೆಂಪು ಮಣ್ಣು. ಫೋಟೊದ ಕೆಳಗೆ ಅವರ ದನಿ: "ನೋಡಪ್ಪಾ, ಎಲೆ ಹಿಂಗಾಗೈತೆ. ನಿನ್ ಮೊಬೈಲಾಗೆ ಕೇಳಿ ಹೇಳು, ಏನ್ ರೋಗ ಅಂತ."

ನಮ್ಮೂರು ಹೊನ್ನಾಳಿ ಕಡೆ. 2024ರ ಆರಿದ್ರಾ ಮಳೆಯ ದಿನಗಳು. ಬಿತ್ತಿ ಇಪ್ಪತ್ತೆರಡು ದಿನ ಆಗಿತ್ತು. ನಾನು ಬೆಂಗಳೂರಲ್ಲಿ ಆಫೀಸಿನ ಊಟದ ಬಿಡುವಿನಲ್ಲಿದ್ದೆ. ಬೆಳೆ ರೋಗ ಗುರುತಿಸುವ ಒಂದು ಆ್ಯಪ್‌ಗೆ ಆ ಫೋಟೊ ಹಾಕಿದೆ. ನಾಲ್ಕೇ ಸೆಕೆಂಡಿಗೆ ಉತ್ತರ ಬಂತು: ಜಿಂಕ್ ಕೊರತೆ. ಎಷ್ಟು ಗ್ರಾಂ, ಎಷ್ಟು ಲೀಟರ್ ನೀರು, ಎಲ್ಲ ಲೆಕ್ಕ ಅದರಲ್ಲೇ ಇತ್ತು. ಫೋನ್ ಮಾಡಿ ಹೇಳಿದೆ. ಚಿಕ್ಕಪ್ಪ ಅವತ್ತೇ ಗೊಬ್ಬರದ ಅಂಗಡಿಗೆ ಹೋಗಿ ಜಿಂಕ್ ತಂದು, ಮಾರನೇ ದಿನ ಹೊಡೆದರು.

ಐದನೇ ದಿನ ಕಳೆ ತೆಗೆಯಲು ಹೋಗಿದ್ದ ಚಿಕ್ಕಮ್ಮ ಒಂದು ಗಿಡದ ಸುಳಿ ಬಿಡಿಸಿ ನೋಡಿದ್ದಾರೆ. ಒಳಗೆ ಒದ್ದೆ ಮರದ ಪುಡಿ ತುಂಬಿಟ್ಟ ಹಾಗೆ ಹಿಕ್ಕೆ. ಅದರ ಅಡಿಯಲ್ಲಿ ಹುಳ. ಪಕ್ಕದ ಗಿಡದಲ್ಲೂ ಹುಳ. ಅದರ ಪಕ್ಕದಲ್ಲೂ. ಅವತ್ತು ಸಂಜೆ ಬಂದ ಎರಡನೇ ಫೋಟೊದಲ್ಲಿ ಚಿಕ್ಕಮ್ಮನ ಅಂಗೈ ಮೇಲೆ ಆ ಹುಳ ಇದೆ. ತಲೆ ಮೇಲೆ ತಲೆಕೆಳಗಾಗಿ ಬರೆದ ಇಂಗ್ಲಿಷ್ ವೈ ಅಕ್ಷರದ ಗುರುತು. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಫಾಲ್ ಸೈನಿಕ ಹುಳ. ಯಾವ ಆ್ಯಪೂ ಬೇಡ, ಮೆಕ್ಕೆಜೋಳ ಬೆಳೆಯುವ ನಮ್ಮ ಕಡೆಯ ಎಲ್ಲರಿಗೂ ಈಗ ಆ ಗುರುತು ಗೊತ್ತು.

ಮೊದಲ ಫೋಟೊದಲ್ಲಿದ್ದ ಬಿಳಿ ಕಲೆ ಮರಿಹುಳಗಳು ಎಲೆಯ ಹಸಿರನ್ನು ಕೆರೆದು ತಿಂದ ಗುರುತು. ಆಗಲೇ ಗೊತ್ತಾಗಿದ್ದರೆ ಸುಲಭಕ್ಕೆ ತಡೆಯಬಹುದಿತ್ತು. ಹುಳ ಬಲಿತು ಸುಳಿ ಒಳಗೆ ಇಳಿದು, ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಂಡ ಮೇಲೆ ಮೇಲಿಂದ ಎಷ್ಟು ಎಣ್ಣೆ ಹೊಡೆದರೂ ಅದಕ್ಕೆ ತಾಗೋದು ಕಷ್ಟ. (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೇಳೋದು.) ಆ ಐದು ದಿನ ನಾನು ಕಳೆದದ್ದು. ಇದನ್ನು ಚಿಕ್ಕಪ್ಪ ಒಂದು ಸಲವೂ ಆಡಿ ತೋರಿಸಲಿಲ್ಲ. ಆದರೆ ನನಗೆ ಅದು ಇವತ್ತಿಗೂ ಒಳಗೆ ಚುಚ್ಚುತ್ತಲೇ ಇದೆ. ಅದಕ್ಕೇ ಈ ಬರಹ.

ಈ ಹುಳದ ಊರು ಅಮೆರಿಕ ಖಂಡ. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಮೊದಲ ಸಲ ಕಾಣಿಸಿಕೊಂಡಿತು. ಎರಡೇ ವರ್ಷದಲ್ಲಿ ಆ ಖಂಡದ ಹೆಚ್ಚುಕಡಿಮೆ ಎಲ್ಲ ಕಡೆ ಹರಡಿತು. ಭಾರತದಲ್ಲಿ ಮೊದಲು ಸಿಕ್ಕಿದ್ದು ಎಲ್ಲಿ ಅಂದುಕೊಂಡಿರಿ? ನಮ್ಮ ಶಿವಮೊಗ್ಗದಲ್ಲಿ. 2018ರ ಮೇ ತಿಂಗಳಲ್ಲಿ ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ ಮತ್ತು ಕಲ್ಲೇಶ್ವರಸ್ವಾಮಿ ಮೆಕ್ಕೆಜೋಳದ ಹೊಲದಲ್ಲಿ ಇದನ್ನು ಗುರುತಿಸಿದರು. ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಜುಲೈ ಕೊನೆಗೆ ಇಡೀ ದೇಶಕ್ಕೆ ಎಚ್ಚರಿಕೆ ಕೊಟ್ಟಿತು. ಅಷ್ಟೊತ್ತಿಗೆ ಹುಳ ಪಕ್ಕದ ರಾಜ್ಯಗಳ ದಾರಿ ಹಿಡಿದಿತ್ತು. 2019ರ ಜನವರಿಗೆ ಚೀನಾದ ಯುನ್ನಾನ್, 2020ಕ್ಕೆ ಆಸ್ಟ್ರೇಲಿಯಾ. ಈ ಹುಳ ರೆಕ್ಕೆ ಬಂದು ಪತಂಗವಾದ ಮೇಲೆ ಒಂದೇ ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು. ಒಂದು ಹೆಣ್ಣು ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ.

ಇದನ್ನು ಮೊದಲು ಕಂಡದ್ದು ಹೊಲದಲ್ಲಿ ಬಗ್ಗಿ ನೋಡಿದ ಇಬ್ಬರು ಮೇಷ್ಟ್ರುಗಳ ಕಣ್ಣು. ಕಂಪ್ಯೂಟರಿಗೆ ಆಗ ಈ ಹುಳ ನಮ್ಮ ದೇಶದಲ್ಲಿ ಇರೋದೇ ಗೊತ್ತಿರಲಿಲ್ಲ. ಗೊತ್ತಿರೋಕೆ ಸಾಧ್ಯವೂ ಇರಲಿಲ್ಲ, ಯಾರೂ ಇನ್ನೂ ಹೇಳಿರಲಿಲ್ಲವಲ್ಲ.

ಆ ಜಿಂಕ್ ಪ್ರಕರಣ ಆದ ಮೇಲೆ ಎಲೆ ನೋಡಿ ರೋಗ ಹೇಳುವ ಈ ಎಐ ಹೇಗೆ ಕೆಲಸ ಮಾಡುತ್ತದೆ ಅಂತ ಓದೋಕೆ ಶುರು ಮಾಡಿದೆ. ಸಿಟ್ಟಿನಿಂದಲೇ ಶುರು ಮಾಡಿದ್ದು. ಓದುತ್ತಾ ಹೋದ ಹಾಗೆ ಸಿಟ್ಟು ಕಡಿಮೆ ಆಯಿತು, ಗೌರವವೂ ಬಂತು. ಜೊತೆಗೆ ಬೇರೆ ಥರದ ಚಿಂತೆಯೂ ಬಂತು.

2016ರಲ್ಲಿ ಒಂದು ಹೆಸರಾಂತ ಪ್ರಯೋಗ ನಡೆಯಿತು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ಲಾಂಟ್‌ವಿಲೇಜ್ ಎಂಬ ಯೋಜನೆಯವರು 14 ಬೆಳೆಗಳ 54,306 ಎಲೆ ಫೋಟೊಗಳನ್ನು ಕೂಡಿಹಾಕಿದ್ದರು. ಅವನ್ನು ತೋರಿಸಿ ಕಂಪ್ಯೂಟರಿಗೆ ಕಲಿಸಿದರು. ಪರೀಕ್ಷೆ ಇಟ್ಟಾಗ ಅದು ನೂರಕ್ಕೆ 99ಕ್ಕೂ ಜಾಸ್ತಿ ಸರಿ ಹೇಳಿತು. ಆದರೆ ಆ ಎಲೆಗಳೆಲ್ಲ ಗಿಡದಿಂದ ಕಿತ್ತು, ಹಾಳೆಯ ಮೇಲೆ ಒಂದೊಂದಾಗಿ ಇಟ್ಟು ತೆಗೆದವು. ಬೇರೆ ಕಡೆ, ಬೇರೆ ಬೆಳಕಲ್ಲಿ ತೆಗೆದ ಫೋಟೊ ಕೊಟ್ಟಾಗ ಸರಿ ಉತ್ತರ ನೂರಕ್ಕೆ 31ರ ಹತ್ತಿರ ಇಳಿಯಿತು. ಇದನ್ನು ಆ ಸಂಶೋಧಕರೇ ಮುಚ್ಚಿಡದೆ ಬರೆದಿದ್ದಾರೆ. ಮಂದಿ ಮಾತ್ರ 99 ಅನ್ನೋ ಅಂಕಿಯನ್ನೇ ಹಿಡಿದುಕೊಂಡರು. ಹೊಲದಲ್ಲಿ ಎಲೆಯ ಮೇಲೆ ಧೂಳಿರುತ್ತೆ, ನೆರಳಿರುತ್ತೆ, ಮಳೆ ಹನಿ ಇರುತ್ತೆ, ಚಿಕ್ಕಪ್ಪನ ಹೆಬ್ಬೆರಳೂ ಇರುತ್ತೆ.

ಅದೇ ಯೋಜನೆಯವರು ಮುಂದೆ ಮಾಡಿದ ಕೆಲಸ ನನಗೆ ತುಂಬ ಹಿಡಿಸಿತು. ಅವರು ತಾಂಜಾನಿಯಾಕ್ಕೆ ಹೋದರು. ಅಲ್ಲಿನ ಬಡವರ ಹೊಟ್ಟೆ ತುಂಬಿಸುವ ಬೆಳೆ ಮರಗೆಣಸು. ಅದಕ್ಕೆ ಎರಡು ದೊಡ್ಡ ರೋಗ, ಮೊಸಾಯಿಕ್ ಮತ್ತು ಕಂದು ಗೆರೆ ರೋಗ. ಎರಡೂ ವೈರಸ್‌ನಿಂದ ಬರುವಂಥವು. ಹೊಲದಲ್ಲೇ ತೆಗೆದ ಫೋಟೊಗಳಿಂದ ಕಲಿಸಿ ಒಂದು ಆ್ಯಪ್ ಮಾಡಿದರು. ಹೆಸರು ನೂರು. ನಮ್ಮ ಲೆಕ್ಕದ ನೂರಲ್ಲ, ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಬೆಳಕು ಅಂತ ಅರ್ಥ. ಇಂಟರ್ನೆಟ್ ಇಲ್ಲದಿದ್ದರೂ ಸಾಧಾರಣ ಮೊಬೈಲಲ್ಲೇ ನಡೆಯುತ್ತದೆ. ಆಮೇಲೆ ಸೈನಿಕ ಹುಳದ ಹಾನಿಯನ್ನೂ ಗುರುತಿಸೋಕೆ ಅದಕ್ಕೆ ಕಲಿಸಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೂಡ ಅದನ್ನು ತನ್ನ ಹುಳ ಎಚ್ಚರಿಕೆಯ ಕೆಲಸಕ್ಕೆ ಜೊತೆ ಮಾಡಿಕೊಂಡಿತು.

ಈ ನೂರು ಆ್ಯಪ್ ಎಷ್ಟು ಸರಿ ಹೇಳುತ್ತದೆ ಅಂತ 2020ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮರಗೆಣಸಿನ ರೋಗ ಗುರುತಿಸುವುದರಲ್ಲಿ ಆ್ಯಪ್ ನೂರಕ್ಕೆ 65 ಸರಿ. ಕೃಷಿ ವಿಸ್ತರಣಾ ಸಿಬ್ಬಂದಿ 40ರಿಂದ 58. ರೈತರು 18ರಿಂದ 31. ಇದನ್ನು ಓದಿದಾಗ ನನಗೆ ಮೊದಲು ಬೇಜಾರಾಯಿತು. ಮಣ್ಣಲ್ಲೇ ಬದುಕುವವರಿಗೆ ಇಷ್ಟೇನಾ ಅಂತ. ಆದರೆ ಯೋಚನೆ ಮಾಡಿ. ಬಿತ್ತನೆ ಕಡ್ಡಿ, ಬಿಳಿ ನೊಣದ ಜೊತೆ ಬರುವ ವೈರಸ್ಸನ್ನು ಯಾರಾದರೂ ಕೂತು ತೋರಿಸಿಕೊಡದೆ ಬರಿಗಣ್ಣಲ್ಲಿ ಯಾರಿಗೆ ತಾನೇ ತಿಳಿದೀತು? ಅಲ್ಲಿ ತೋರಿಸಿಕೊಡುವ ಅಧಿಕಾರಿಗಳು ಕಡಿಮೆ. ನಮ್ಮಲ್ಲೂ ಅಷ್ಟೇ. ರೈತ ಸಂಪರ್ಕ ಕೇಂದ್ರದಲ್ಲಿ ಒಬ್ಬರ ತಲೆ ಮೇಲೆ ಎಷ್ಟು ಹಳ್ಳಿಗಳ ಭಾರ ಇರುತ್ತೆ ಅಂತ ಅಲ್ಲಿ ಸರತಿಯಲ್ಲಿ ನಿಂತವರಿಗೆ ಗೊತ್ತು. ಹಾಗಾಗಿ ಇಂಥ ಆ್ಯಪ್ ಬೇಡ ಅಂತ ನಾನು ಖಂಡಿತ ಹೇಳಲಾರೆ.

ಆ ಅಧ್ಯಯನದಲ್ಲಿ ಇನ್ನೊಂದು ಮಾತಿತ್ತು. ಒಂದು ಗಿಡದ ಒಂದು ಎಲೆ ತೋರಿಸುವ ಬದಲು ಆರು ಎಲೆ ತೋರಿಸಿದರೆ ನೂರುವಿನ ಸರಿ ಉತ್ತರ 74ರಿಂದ 88ರವರೆಗೆ ಏರಿತು.

ಅದನ್ನು ಓದಿ ನಾನು ಸುಮ್ನೆ ಕೂತುಬಿಟ್ಟೆ. ಯಂತ್ರ ಅದೇ. ಅದರ ತಲೆಗೆ ಹೊಸದೇನೂ ತುಂಬಲಿಲ್ಲ. ಕೊಂಚ ಜಾಸ್ತಿ ನೋಡಿತು, ಅಷ್ಟೇ. ನಾನು ಅವತ್ತು ಚಿಕ್ಕಪ್ಪನಿಗೆ "ಇನ್ನೊಂದೆರಡು ಗಿಡ ನೋಡಿ, ಸುಳಿ ಬಿಡಿಸಿ ನೋಡಿ" ಅಂದಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ. ನಾನು ಹಾಕಿದ ಆ್ಯಪೂ ಕೇಳಲಿಲ್ಲ. ಒಂದು ಎಲೆ ಕೊಟ್ಟೆ, ಒಂದು ಉತ್ತರ ತಗೊಂಡೆ.

ಅವತ್ತಿಂದ ಕೃಷಿಗೆ ಎಐ ಅನ್ನೋ ಮಾತು ಎಲ್ಲಿ ಕೇಳಿದರೂ ನನಗೆ ಬರೋದು ಇದೇ ಪ್ರಶ್ನೆ: ಇದು ಎಷ್ಟು ಎಲೆ ನೋಡುತ್ತಿದೆ? ಹೊಲ ನೋಡುತ್ತಿದೆಯಾ? ಹೊಲದ ಹಿಂದಿನ ಮನೆ ನೋಡುತ್ತಿದೆಯಾ?

ನಮ್ಮ ಹೊಲವನ್ನೇ ನೋಡೋಣ. ಬಲಿತ ಹುಳಕ್ಕೆ ಕೊನೆಗೆ ಉಳಿದದ್ದು ವಿಷ ಪಾಷಾಣ. ಹತ್ತು ಕಿಲೋ ಅಕ್ಕಿ ತೌಡು, ಎರಡು ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ರಾತ್ರಿಯಿಡೀ ಹುಳಿ ಬರಿಸಬೇಕು. ಮಾರನೇ ದಿನ ಔಷಧಿ ಬೆರೆಸಿ, ಸಂಜೆ ಹೊತ್ತು ಒಂದೊಂದು ಸುಳಿಗೂ ಒಂದೊಂದು ಚಿಟಿಕೆ ಹಾಕಬೇಕು. ಶನಿವಾರ ನಾನೂ ಊರಿಗೆ ಹೋದೆ. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಸಾಲು ಹಿಡಿದೆ. ಎಕರೆಗೆ ಮೂವತ್ತು ಸಾವಿರಕ್ಕೂ ಜಾಸ್ತಿ ಗಿಡ. ನಮ್ಮದು ಎರಡು ಎಕರೆ. ಬೆಲ್ಲ ಹುಳಿತ ವಾಸನೆ ಮೂಗಿಗೆ ಅಂಟಿಕೊಂಡುಬಿಟ್ಟಿತ್ತು. ಎಲೆಯ ಅಂಚು ಮುಂಗೈಯನ್ನು ಗೀರಿ ಗೀರಿ ಬೆವರು ಬಿದ್ದಾಗ ಉರಿ. ಚಿಕ್ಕಮ್ಮ ನನ್ನ ಎರಡು ಸಾಲು ಮುಂದೆ, ಬಗ್ಗಿದ ಸೊಂಟ ಎತ್ತದೆ ಹೋಗುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಅರ್ಧ ಎಕರೆಯೂ ಮುಗಿದಿರಲಿಲ್ಲ.

ಬದುವಿನ ಮೇಲೆ ನಿಂತು ನೋಡಿದೆ. ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ. ನಮ್ಮದು, ಪಕ್ಕದವರದು, ಹಳ್ಳದಾಚೆಯವರದು. ನೂರಾರು ಎಕರೆ, ಒಂದೇ ಬೆಳೆ, ಒಂದೇ ಎತ್ತರ, ಒಂದೇ ವಾರ ಬಿತ್ತಿದ್ದು. ರಾತ್ರಿ ನೂರು ಕಿಲೋಮೀಟರ್ ಹಾರಿ ಹಸಿದು ಬರುವ ಪತಂಗಕ್ಕೆ ಇದಕ್ಕಿಂತ ದೊಡ್ಡ ಪಂಕ್ತಿ ಇನ್ನೆಲ್ಲಿ ಸಿಗಬೇಕು?

ನಮ್ಮಜ್ಜಿ ಇದ್ದಾಗ ಇದೇ ಹೊಲದಲ್ಲಿ ಬಿಳಿಜೋಳ. ಐದಾರು ಸಾಲು ಜೋಳಕ್ಕೆ ಒಂದು ಅಕ್ಕಡಿ ಸಾಲು, ಅಂದರೆ ನಡುವೆ ಬೇರೆ ಬೆಳೆಗಳ ಸಾಲು. ಅಕ್ಕಡಿಯಲ್ಲಿ ತೊಗರಿ, ಅಲಸಂದೆ, ಹೆಸರು, ನಡುನಡುವೆ ಪುಂಡಿ. ಬದುವಿನ ಮೇಲೆ ಹರಳು. ಮೊದಲು ಹೆಸರು ಬರುತ್ತಿತ್ತು, ಆಮೇಲೆ ಅಲಸಂದೆ, ಆಮೇಲೆ ಜೋಳ, ಎಲ್ಲ ಮುಗಿದ ಮೇಲೆ ಸಂಕ್ರಾಂತಿ ಹೊತ್ತಿಗೆ ತೊಗರಿ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತಿತ್ತು. ಅಜ್ಜಿ ಅಲಸಂದೆ ಬೀಜಕ್ಕೆ ಒಲೆಯ ಬೂದಿ ಸವರಿ ಮಡಕೆಯಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟದ ಮೇಲಿಡುತ್ತಿದ್ದರು. ಬಿತ್ತುವ ದಿನ ಆ ಮಡಕೆ ಇಳಿಸುವಾಗ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ.

ಹಿಂದೆ ಎಲ್ಲ ಚೆನ್ನಾಗಿತ್ತು ಅಂತ ಹೇಳಲು ನಾನು ಹೊರಟಿಲ್ಲ. ಅಜ್ಜಿಯ ಹೊಲದಲ್ಲಿ ದುಡ್ಡು ಬೆಳೆಯುತ್ತಿರಲಿಲ್ಲ. ಮೆಕ್ಕೆಜೋಳ ಬಂದ ಮೇಲೆ ಮನೆಗೆ ಹೆಂಚು ಹೋಗಿ ಆರ್‌ಸಿಸಿ ಬಂತು. ಚಿಕ್ಕಪ್ಪನ ಮಗಳ ಕಾಲೇಜು ಫೀಸು ಕಟ್ಟಿದ್ದು ಮೆಕ್ಕೆಜೋಳ. ಚಿಕ್ಕಪ್ಪ ಅಕ್ಕಡಿ ಬಿಟ್ಟದ್ದು ತಿಳಿವಳಿಕೆ ಇಲ್ಲದೆ ಅಲ್ಲ. ಕೂಲಿಯವರು ಸಿಗೋದಿಲ್ಲ, ಕಳೆನಾಶಕ ಹೊಡೆದರೆ ಕಾಳಿನ ಗಿಡವೂ ಸಾಯುತ್ತೆ, ಕೊಯ್ಯುವ ಯಂತ್ರಕ್ಕೆ ಒಂದೇ ಬೆಳೆ ಬೇಕು, ಮಂಡಿಯಲ್ಲಿ ಹತ್ತು ಕಿಲೋ ಅಲಸಂದೆ ಕೇಳೋರಿಲ್ಲ. ಲೆಕ್ಕ ಹಾಕಿಯೇ ಬಿಟ್ಟರು.

ಆದರೆ ಕೀನ್ಯಾದ ಕಥೆ ಓದಿದಾಗ ಅಜ್ಜಿಯ ಹೊಲ ಕಣ್ಣ ಮುಂದೆ ಬಂತು. ನೈರೋಬಿಯಲ್ಲಿ ಇಸಿಪೆ ಎಂಬ ಕೀಟ ವಿಜ್ಞಾನ ಸಂಸ್ಥೆ ಇದೆ. ಅಲ್ಲಿ ಜಿಯಾವುರ್ ಖಾನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಪುಶ್-ಪುಲ್ ಎಂಬ ಪದ್ಧತಿ ರೂಪಿಸಿದರು. ಮೆಕ್ಕೆಜೋಳದ ಸಾಲಿನ ನಡುವೆ ಡೆಸ್ಮೋಡಿಯಂ ಎಂಬ ಬಳ್ಳಿ. ಅದು ಕಾಳಿನ ಜಾತಿಯದು. ಹೊಲದ ಸುತ್ತ ನೇಪಿಯರ್ ಥರದ ಹುಲ್ಲು. ಬಳ್ಳಿ ಪತಂಗವನ್ನು ಆಚೆ ದೂಡುತ್ತದೆ, ಅಂಚಿನ ಹುಲ್ಲು ಅದನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಕಾಂಡಕೊರಕ ಹುಳಕ್ಕೆ ಅಂತ ಮಾಡಿದ್ದು ಇದು. ಸೈನಿಕ ಹುಳ ಬಂದಾಗ ಇದಕ್ಕೂ ಆಗುತ್ತಾ ಅಂತ ಕೀನ್ಯಾ, ಉಗಾಂಡ, ತಾಂಜಾನಿಯಾದ ಒಣ ಪ್ರದೇಶದ 250 ರೈತರ ಹೊಲಗಳಲ್ಲಿ ನೋಡಿದರು. ಬರೀ ಮೆಕ್ಕೆಜೋಳ ಹಾಕಿದ ಹೊಲಕ್ಕಿಂತ ಈ ಹೊಲಗಳಲ್ಲಿ ಗಿಡಕ್ಕೆ ಸರಾಸರಿ ಹುಳ ನೂರಕ್ಕೆ 80ಕ್ಕೂ ಜಾಸ್ತಿ ಕಡಿಮೆ ಇತ್ತು. 2018ರಲ್ಲಿ ಅದನ್ನು ಪ್ರಕಟಿಸಿದರು. ಮೇಲಾಗಿ ಬಳ್ಳಿ ಮಣ್ಣಿಗೆ ಸಾರಜನಕ ಕೊಡುತ್ತದೆ, ಹುಲ್ಲು ಹಸುವಿಗೆ ಮೇವಾಗುತ್ತದೆ.

ನಮ್ಮ ಅಕ್ಕಡಿಯೂ ಹುಳವನ್ನು ಹೀಗೆಯೇ ತಡೆಯುತ್ತದೆ ಅಂತ ನಾನು ಹೇಳಲಾರೆ, ಬಳ್ಳಿ ಬೇರೆ, ಹೊಲ ಬೇರೆ. ನನ್ನ ಮಾತು ಇಷ್ಟೇ. ಎಲೆ ನೋಡುವ ಎಐಗೆ ಈ ಉತ್ತರ ಹೊಳೆಯೋದು ಕಷ್ಟ. "ಇದು ಯಾವ ಹುಳ, ಯಾವ ಎಣ್ಣೆ ಹೊಡೀಬೇಕು" ಅನ್ನೋ ಪ್ರಶ್ನೆಗೆ ಅದನ್ನು ತಯಾರು ಮಾಡಲಾಗಿದೆ. "ಹೊಲದ ತುಂಬ ಒಂದೇ ಬೆಳೆ ಯಾಕಿದೆ" ಅನ್ನೋ ಪ್ರಶ್ನೆಯನ್ನು ಅದಕ್ಕೆ ಯಾರೂ ಕಲಿಸಿಲ್ಲ. ಮೊದಲ ಪ್ರಶ್ನೆಯ ಉತ್ತರ ಅಂಗಡಿಯಲ್ಲಿ ಮಾರಾಟಕ್ಕೆ ಸಿಗುತ್ತದೆ. ಎರಡನೆಯದರಿಂದ ಯಾವ ಅಂಗಡಿಗೂ ಲಾಭ ಇಲ್ಲ. ಸುಸ್ಥಿರ ಅಭಿವೃದ್ಧಿ ಅನ್ನೋ ಭಾರದ ಮಾತಿಗೆ ನನಗೆ ತಿಳಿದ ಅರ್ಥ ಈ ಎರಡನೇ ಪ್ರಶ್ನೆಯ ಸುತ್ತಲೇ ಇದೆ.

ಜಗತ್ತಿನ ಹಸಿವಿನ ಲೆಕ್ಕಕ್ಕೆ ಬಂದರೂ ಇದೇ ತೊಡಕು. ವಿಶ್ವಸಂಸ್ಥೆಯ ವರದಿ ಪ್ರಕಾರ 2024ರಲ್ಲಿ ಸುಮಾರು 67 ಕೋಟಿ ಜನ ಹಸಿದಿದ್ದರು. 2030ಕ್ಕೆ ಹಸಿವು ಸೊನ್ನೆ ಆಗಬೇಕು ಅಂತ ದೇಶಗಳೆಲ್ಲ ಸೇರಿ ಗುರಿ ಇಟ್ಟುಕೊಂಡಿವೆ. ಅದೇ ವರದಿ ಆ ವರ್ಷಕ್ಕೂ 51 ಕೋಟಿ ಜನ ಹಸಿದೇ ಇರುತ್ತಾರೆ, ಅವರಲ್ಲಿ ಹೆಚ್ಚಿನವರು ಆಫ್ರಿಕಾದವರು ಅನ್ನುತ್ತದೆ. ಅಲ್ಲಿ ಮೆಕ್ಕೆಜೋಳ ಅಂದರೆ ಊಟ. ಕೀನ್ಯಾ, ತಾಂಜಾನಿಯಾದಲ್ಲಿ ಅದರ ಹಿಟ್ಟಿಂದ ಉಗಾಲಿ ಮಾಡುತ್ತಾರೆ. ನಮ್ಮ ಮುದ್ದೆಯ ಹಾಗೆಯೇ, ಕೈಯಲ್ಲಿ ಮುರಿದು ಸಾರಲ್ಲಿ ಅದ್ದಿ ತಿನ್ನೋದು. 2017ರಲ್ಲಿ ಕ್ಯಾಬಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಒಂದು ಅಂದಾಜು ಕೊಟ್ಟಿತು. ಸೈನಿಕ ಹುಳವನ್ನು ಹಾಗೇ ಬಿಟ್ಟರೆ ಆಫ್ರಿಕಾದ 12 ದೇಶಗಳಲ್ಲೇ ವರ್ಷಕ್ಕೆ 83 ಲಕ್ಷದಿಂದ 2 ಕೋಟಿ ಟನ್‌ವರೆಗೆ ಮೆಕ್ಕೆಜೋಳ ಹೋಗುತ್ತದೆ ಅಂತ. ಅಲ್ಲಿ ಈ ಹುಳ ನೇರ ತಟ್ಟೆಗೇ ಬಾಯಿ ಹಾಕುತ್ತದೆ.

ನಮ್ಮಲ್ಲಿ ಅದು ಬಾಯಿ ಹಾಕೋದು ಸಾಲದ ಪುಸ್ತಕಕ್ಕೆ. ನಮ್ಮ ಮನೆಯಲ್ಲಿ ಯಾರೂ ಮೆಕ್ಕೆಜೋಳ ಉಣ್ಣೋದಿಲ್ಲ. ಹಸಿ ತೆನೆ ಸುಟ್ಟು ತಿನ್ನೋದಷ್ಟೇ. ಉಳಿದದ್ದೆಲ್ಲ ಕೋಳಿ ಮೇವಿಗೆ, ಸ್ಟಾರ್ಚ್ ಕಾರ್ಖಾನೆಗೆ, ಈಗೀಗ ಎಥೆನಾಲ್‌ಗೆ. ಹೊಲದಲ್ಲಿ ಬೆಳೆದ ದುಡ್ಡಲ್ಲಿ ಚಿಕ್ಕಮ್ಮ ಅಂಗಡಿಯಿಂದ ತೊಗರಿಬೇಳೆ ತರುತ್ತಾರೆ. ಇದೇ ಹೊಲದಲ್ಲಿ ಒಂದು ಕಾಲಕ್ಕೆ ಬೆಳೆಯುತ್ತಿದ್ದ ತೊಗರಿ. ಹಾಗಾಗಿ ಎಐ ಬಂದು ಇಳುವರಿ ಜಾಸ್ತಿ ಆದರೆ ಜಗತ್ತಿನ ಹಸಿವು ತೀರುತ್ತದೆ ಅನ್ನೋ ಭಾಷಣ ಕೇಳಿದಾಗ ನನಗೆ ಕೇಳಬೇಕು ಅನ್ನಿಸುತ್ತದೆ: ಯಾವ ಬೆಳೆಯ ಇಳುವರಿ? ಯಾರ ತಟ್ಟೆಗೆ?

2025ರಲ್ಲಿ ಏನಾಯಿತು ನೋಡಿ. ಮಳೆ ಚೆನ್ನಾಗಾಯಿತು. ಹುಳದ ಕಾಟವೂ ನಮ್ಮಲ್ಲಿ ಕಡಿಮೆ ಇತ್ತು. ಸುಗ್ಗಿ ಭರ್ಜರಿ. ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಬೆಲೆ ಎರಡು ಸಾವಿರಕ್ಕೂ ಕೆಳಗೆ ಕುಸಿಯಿತು. ಹಾವೇರಿ, ಗದಗ ಕಡೆ ರೈತರು ರಸ್ತೆಗೆ ಇಳಿದರು. ಚಿಕ್ಕಪ್ಪ ಕಣದಲ್ಲಿ ರಾಶಿ ಹಾಕಿ, ಮೇಲೆ ತಾಡಪಾಲು ಹೊದಿಸಿ ಮೂರು ವಾರ ಕಾದರು. ಹುಳ ತಿಂದ ವರ್ಷ, ಹುಳ ತಿನ್ನದ ವರ್ಷ, ಎರಡರಲ್ಲೂ ಕೈಗೆ ಬಂದ ದುಡ್ಡಲ್ಲಿ ಬಹಳ ವ್ಯತ್ಯಾಸ ಇರಲಿಲ್ಲ. ಎಲೆ ಚೆನ್ನಾಗಿತ್ತು, ಹೊಲ ಚೆನ್ನಾಗಿತ್ತು, ಮನೆ ಮಾತ್ರ ಇದ್ದ ಹಾಗೇ ಇತ್ತು.

ಅದೇ ವರ್ಷ ಎಐ ಮಾಡಿದ ಒಂದು ಒಳ್ಳೆ ಕೆಲಸವನ್ನೂ ಹೇಳಲೇಬೇಕು. ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿತ್ತು. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಮಳೆ ಬಂತು ಅಂತ ಮುಂದಿನ ರಾಜ್ಯಗಳ ರೈತರು ಬಿತ್ತಿದ್ದರೆ ಕಷ್ಟ ಆಗುತ್ತಿತ್ತು. ಯಾಕೆಂದರೆ ಮಳೆ ನಡುದಾರಿಯಲ್ಲಿ ಸುಮಾರು 20 ದಿನ ನಿಂತುಬಿಟ್ಟಿತು. ಕೇಂದ್ರ ಕೃಷಿ ಇಲಾಖೆ ಆ ವರ್ಷ 13 ರಾಜ್ಯಗಳ 3.8 ಕೋಟಿ ರೈತರಿಗೆ ಮೊಬೈಲ್ ಸಂದೇಶ ಕಳಿಸಿತ್ತು. ಗೂಗಲ್‌ನ ನ್ಯೂರಲ್‌ಜಿಸಿಎಂ ಮತ್ತು ಯುರೋಪಿನ ಹವಾಮಾನ ಕೇಂದ್ರದ ಎಐ ಮಾದರಿಗಳನ್ನು ಬಳಸಿ, ನಿಮ್ಮ ಕಡೆ ಮಳೆ ಯಾವಾಗ ನೆಲೆ ನಿಲ್ಲಬಹುದು ಅಂತ ವಾರಗಟ್ಟಲೆ ಮುಂಚೆ ಹೇಳುವ ಸಂದೇಶ. ಮಳೆ ನಿಲ್ಲುವ ಸುಳಿವನ್ನೂ ಅದು ಕೊಟ್ಟಿತ್ತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತ ಗಾದೆ ಹಿಡಿದು ಬಿತ್ತುತ್ತಿದ್ದ ಜನ ನಾವು. ಆ ಗಾದೆಯ ಮಳೆಯೇ ಈಗ ದಾರಿ ತಪ್ಪಿದೆ. ಒಂದು ಸಲ ಬೀಜ ಸುಟ್ಟು ಎರಡನೇ ಸಲ ಬಿತ್ತುವ ಖರ್ಚು ಏನು ಅಂತ ಗೊತ್ತಿರುವವರಿಗೆ ಇಂಥ ಒಂದು ಸಾಲಿನ ಸಂದೇಶ ಬಹಳ ದೊಡ್ಡದು. ಇದರಲ್ಲಿ ಏನನ್ನೂ ಕೊಳ್ಳಬೇಕಾಗಿಲ್ಲ. ಕಾಯಬೇಕೋ ಬಿತ್ತಬೇಕೋ ಅನ್ನೋ ತೀರ್ಮಾನ ರೈತರ ಕೈಯಲ್ಲೇ ಉಳಿಯುತ್ತದೆ. ನನಗೆ ಇಂಥ ಎಐ ಬೇಕು.

ಎಐ ನಡೆಯೋದು ಕರೆಂಟಿನಿಂದ ಅನ್ನೋದನ್ನೂ ಮರೆಯಬಾರದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳೆಲ್ಲ ಸೇರಿ ಸುಮಾರು 41,500 ಕೋಟಿ ಯೂನಿಟ್ ಕರೆಂಟ್ ಉರಿಸಿವೆ. 2030ಕ್ಕೆ ಅದು ದುಪ್ಪಟ್ಟಿಗೂ ಜಾಸ್ತಿ ಆಗಬಹುದಂತೆ. ಅದೆಲ್ಲ ಎಐಗೇ ಹೋಗೋದಲ್ಲ, ಆದರೆ ಏರಿಕೆಗೆ ದೊಡ್ಡ ಕಾರಣ ಎಐ. ಚಿಕ್ಕಪ್ಪನ ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ಕರೆಂಟ್ ಬರುವಾಗ ಈ ಅಂಕಿ ಓದೋದು ಸುಲಭ ಅಲ್ಲ. ಅದಕ್ಕೇ ತಾಂಜಾನಿಯಾದ ನೂರು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅಗ್ಗದ ಮೊಬೈಲಿನ ಒಳಗೆ ಕೂತು, ಇಂಟರ್ನೆಟ್ ಇಲ್ಲದೆ, ಒಂದು ಬೆಳೆಯ ಒಂದಿಷ್ಟು ರೋಗವನ್ನು ಹೇಳುವ ಪುಟ್ಟ ಯಂತ್ರ. ಎಲ್ಲದಕ್ಕೂ ಆನೆಯೇ ಬೇಕು ಅಂತ ಏನಿಲ್ಲವಲ್ಲ.

ನಮ್ಮಲ್ಲೂ 2024ರ ಆಗಸ್ಟ್ 15ಕ್ಕೆ ಕೇಂದ್ರ ಸರ್ಕಾರ ರಾಷ್ಟ್ರೀಯ ಕೀಟ ನಿಗಾ ವ್ಯವಸ್ಥೆ ಅಂತ ಒಂದನ್ನು ಶುರು ಮಾಡಿತು. ಎಲೆ ಫೋಟೊ ತೆಗೆದು ಕೀಟ ಗುರುತಿಸುವಂಥದ್ದೇ. 61 ಬೆಳೆ, 400ಕ್ಕೂ ಜಾಸ್ತಿ ಕೀಟ ಅಂತ ಹೇಳಿದ್ದಾರೆ. ಚಿಕ್ಕಪ್ಪನ ಫೋಟೊ ಬಂದು ಆಗ ಒಂದೂವರೆ ತಿಂಗಳಾಗಿತ್ತು. ಅದು ಬೆಳೆಯಲಿ ಅಂತ ನನಗೆ ಮನಸ್ಸಾರೆ ಆಸೆ. ಅದನ್ನು ಬೆಳೆಸುವವರಲ್ಲಿ ನನ್ನದೊಂದು ಕೋರಿಕೆ ಇದೆ. ರೈತ ಒಂದು ಎಲೆ ತೋರಿಸಿದರೆ ಉತ್ತರ ಕೊಡಬೇಡಿ. "ಅಣ್ಣಾ, ಇನ್ನೂ ಐದು ಗಿಡ ನೋಡಿ ಬನ್ನಿ, ಸುಳಿ ಬಿಡಿಸಿ ನೋಡಿ, ಪಕ್ಕದ ಹೊಲದಲ್ಲಿ ಏನಿದೆ ಹೇಳಿ" ಅಂತ ಕೇಳಿ. ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನಿ. ತಪ್ಪಾದರೆ ಯಾರನ್ನು ಕೇಳಬೇಕು ಅಂತ ಒಂದು ಫೋನ್ ನಂಬರ್ ಕೊಡಿ. ನನ್ನ ಜಿಂಕ್ ತಪ್ಪಿಗೆ ಚಿಕ್ಕಪ್ಪ ನನ್ನನ್ನಾದರೂ ಬಯ್ಯಬಹುದಿತ್ತು, ನಾನು ಮನೆಯ ಹುಡುಗ. ಆ ಆ್ಯಪನ್ನು ಯಾರು ಬಯ್ಯೋದು?

ಮೊನ್ನೆ ಯುಗಾದಿಗೆ ಊರಿಗೆ ಹೋಗಿದ್ದೆ. ಒಬ್ಬಟ್ಟು ಉಂಡು ಜಗಲಿ ಮೇಲೆ ಕೂತಿದ್ದಾಗ ಚಿಕ್ಕಪ್ಪ ಒಳಗಿಂದ ಒಂದು ಡಬ್ಬ ತಂದರು. ಅಲಸಂದೆ ಬೀಜ. ಪಕ್ಕದೂರಿನ ಬೀಗರ ಮನೆಯಿಂದ ಎರಡು ಸೇರು ತಂದಿದ್ದಾರೆ. ಬೂದಿ ಸವರಿದ್ದರು. "ಅವ್ವ ಇಡ್ತಿದ್ದಂಗೇ ಇಟ್ಟೀನಿ" ಅಂದರು. ಬಾವಿ ಕಡೆಯ ಅರ್ಧ ಎಕರೆಯಲ್ಲಿ ಮಾತ್ರ ಮೆಕ್ಕೆಜೋಳದ ನಡುವೆ ಹಾಕಿ ನೋಡುತ್ತಾರಂತೆ. ಕಳೆ ಕೈಯಲ್ಲೇ ತೆಗೆಯಬೇಕು. ಅಷ್ಟಾದರೆ ಆದೀತು ಅಂತ ಚಿಕ್ಕಮ್ಮ ಒಪ್ಪಿದ್ದಾರೆ.

"ಎಷ್ಟ್ ಸಾಲಿಗೆ ಒಂದ್ ಸಾಲು ಹಾಕ್ಬೇಕು ಅಂತ ನಿನ್ ಮೊಬೈಲಾಗೆ ಕೇಳು" ಅಂದರು. ನಾನು ಮೊಬೈಲನ್ನು ಅವರ ಕೈಗೇ ಕೊಟ್ಟೆ. ಈಗ ಕನ್ನಡದಲ್ಲಿ ಮಾತಾಡಿದರೂ ಕೇಳಿಸಿಕೊಳ್ಳುತ್ತೆ, ನೀವೇ ಕೇಳಿ ಅಂದೆ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಮೈಕಿನ ಗುರುತು ಒತ್ತಿ ಹಿಡಿದರು.

"ಮೆಕ್ಕೆಜೋಳದಾಗೆ ಅಕ್ಕಡಿ ಹಾಕ್ಬೇಕು. ಎಷ್ಟ್ ಸಾಲಿಗೆ ಒಂದು ಹಾಕ್ಬೇಕು?"

ಪರದೆಯ ಮೇಲೆ ಅಕ್ಷರ ಮೂಡಿದವು: ಮೆಕ್ಕೆಜೋಳದಲ್ಲಿ ಅಕ್ಕಿ ಹಾಕಬೇಕು. ಅದರ ಕೆಳಗೆ ಭತ್ತದ ನಾಟಿ ಬಗ್ಗೆ ಉದ್ದದ ಉತ್ತರ ಬರೋಕೆ ಶುರುವಾಯಿತು.

ಚಿಕ್ಕಪ್ಪ ಓದಿ ಮುಗಿಸುವವರೆಗೆ ಕಾದರು. ಆಮೇಲೆ ಮೊಬೈಲನ್ನು ಬಾಯಿಯ ಹತ್ತಿರ ತಂದು, ಮೊಮ್ಮಗನಿಗೆ ಅಕ್ಷರ ಹೇಳಿಕೊಡುವ ಹಾಗೆ ನಿಧಾನಕ್ಕೆ ಹೇಳಿದರು.

"ಅಕ್ಕಿ ಅಲ್ಲಪ್ಪಾ. ಅಕ್ಕಡಿ. ಅ... ಕ್ಕ... ಡಿ."